ಹಗಲೆಲ್ಲ ಹಸಿರು, ಸಂಜೆಗೆ ಕೆಂಪು

ನನಗೆ ಏನೋ ಆಗಿದೆ ಎಂದು ಮೊದಲು ಹೇಳಿದ್ದು ಡಾಕ್ಟರಲ್ಲ, ಗಂಡನಲ್ಲ, ನನ್ನ ಫೋನು. ಕಾಯಿಲೆ ಇದೆ ಎಂಬುದನ್ನು ಅದು ಸರಿಯಾಗಿಯೇ ಹೇಳಿತು. ಯಾರಿಂದ ಎಂಬುದನ್ನು ಮಾತ್ರ ತಪ್ಪಾಗಿ ಹೇಳಿತು. ಮನುಷ್ಯರು ತಪ್ಪು ಹೇಳಿದರೆ ಜಗಳವಾದರೂ ಆಡಬಹುದು, ಫೋನಿನ ಜೊತೆ ಏನಂತ ಜಗಳ ಆಡುವುದು? ಆತಂಕದ ಕಾಯಿಲೆ, ಖಿನ್ನತೆ ಎಂದರೇನು ಎಂದು ತಿಳಿಸುವ ಪುಸ್ತಕಗಳು ಬೇಕಾದಷ್ಟಿವೆ. ಅವನ್ನು ಓದಿ ನಾನೂ ಸಾಕಷ್ಟು ಹೆದರಿದ್ದೇನೆ. ಇಲ್ಲಿ ಬರೆಯುತ್ತಿರುವುದು ಅದನ್ನಲ್ಲ. ನಮ್ಮ ಸಂಕಟಕ್ಕೆ ಕಾರಣ ಏನೆಂದು ನಮ್ಮನ್ನು ಕೇಳದೆ ಉಳಿದವರು ತೀರ್ಮಾನಿಸಿಬಿಡುತ್ತಾರಲ್ಲ, ಆ ಎರಡನೆಯ ಸಂಕಟದ ಬಗ್ಗೆ. ಯಾರಿಗಾದರೂ ಹಾಗಾಗುತ್ತಿದ್ದರೆ, ಬೇಗೂರಿನಲ್ಲಿ ಶೈಲಜಾ ಎಂಬ ಇನ್ನೊಬ್ಬಳಿಗೂ ಹಾಗಾಗಿತ್ತು ಎಂದು ಗೊತ್ತಿರಲಿ.

ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿದ್ದೆ. ದೂರದ ದೇಶದ ರೋಗಿಗಳು ವಿಮೆಗೆ ಹಾಕಿದ ಅರ್ಜಿಗಳನ್ನು ನೋಡುವುದು ನಮ್ಮ ಕೆಲಸ. ಪರದೆಯ ಮೇಲೆ ಅವರ ಆಸ್ಪತ್ರೆಯ ಕಾಗದಗಳು ಬರುತ್ತವೆ, ಪುರಾವೆ ಸಾಕು ಅಥವಾ ಪುರಾವೆ ಸಾಲದು ಎಂದು ಒತ್ತಬೇಕು. ಗಂಟೆಗೆ ಇಷ್ಟು ಮುಗಿಸಬೇಕೆಂಬ ಲೆಕ್ಕ ಪರದೆಯ ಮೂಲೆಯಲ್ಲಿ ಓಡುತ್ತಲೇ ಇರುತ್ತದೆ. ನಾವು ಬಾತ್‌ರೂಮಿಗೆ ಹೋದರೂ ಅದು ಓಡುತ್ತದೆ. ಎಲ್ಲಿಯದೋ ಊರಿನ ಹೆಂಗಸಿನ ಸೊಂಟದ ನೋವು ನಿಜವೋ ಸುಳ್ಳೋ ಎಂದು ಬೇಗೂರಿನ ಶೈಲಜಾ ಮೂರು ನಿಮಿಷದಲ್ಲಿ ಹೇಳಬೇಕು. ಆಮೇಲೆ ನನ್ನ ನೋವಿಗೂ ಯಾರೋ ಅಷ್ಟೇ ಚುರುಕಾಗಿ ಗುಂಡಿ ಒತ್ತಿದರು, ಆ ಮಾತು ಮುಂದೆ ಬರುತ್ತದೆ.

ರೋಗಿಗಳ ವಿವರವನ್ನು ಯಾರೂ ಫೋಟೊ ಹೊಡೆಯಬಾರದೆಂದು ನಮ್ಮ ಫ್ಲೋರಿನೊಳಗೆ ಫೋನಿಗೆ ಪ್ರವೇಶವಿರಲಿಲ್ಲ. ಬಾಗಿಲ ಹೊರಗೆ ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಲಾಕರುಗಳು. ಬೆಳಿಗ್ಗೆ ಫೋನನ್ನು ಸೈಲೆಂಟಿಗೆ ಹಾಕಿ ಅದರೊಳಗಿಟ್ಟು, ಬೀಗದ ಕೈಯನ್ನು ಐಡಿ ಕಾರ್ಡಿನ ದಾರಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರೆ, ಮತ್ತೆ ಅದರ ಮುಖ ನೋಡುವುದು ಸಂಜೆಯೇ. ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವಷ್ಟು ಅಭ್ಯಾಸವಾಗಿತ್ತು ಅದು.

ಒಂದು ಸಲ ಕಂಪನಿಯವರು ಕ್ಯಾಂಟೀನಿನಲ್ಲಿ ಬಲೂನು ಕಟ್ಟಿ, ಕೇಕ್ ಕತ್ತರಿಸಿ, ಎಲ್ಲರ ಫೋನಿಗೂ ಒಂದು ಆ್ಯಪ್ ಹಾಕಿಸಿದರು. ನಿಮ್ಮ ಮನಸ್ಸಿನ ಆರೋಗ್ಯವೂ ನಮಗೆ ಮುಖ್ಯ ಎಂದು ಮೇಲಿನವರೊಬ್ಬರು ಮೈಕ್ ಹಿಡಿದು ಹೇಳಿದರು. ಆ ಆ್ಯಪ್ಪಿಗೆ ನಾವು ಏನೂ ಹೇಳಬೇಕಾಗಿಲ್ಲವಂತೆ, ಅದೇ ನೋಡಿಕೊಳ್ಳುತ್ತದಂತೆ. ಫೋನ್ ಎಷ್ಟು ಅಲ್ಲಾಡಿತು, ಪರದೆಯನ್ನು ಎಷ್ಟು ಸಲ ತೆರೆದೆವು, ಯಾರ ಜೊತೆ ಎಷ್ಟು ಮಾತು, ದನಿ ಎಷ್ಟು ಜೋರು, ಇದನ್ನೆಲ್ಲ ಕೂಡಿಸಿ ಕಳೆದು ನಮಗೆ ಎಷ್ಟು ಒತ್ತಡ ಇದೆ ಎಂದು ಬಣ್ಣದಲ್ಲಿ ತೋರಿಸುತ್ತದೆ. ಹಸಿರು, ಹಳದಿ, ಕೆಂಪು. ಬಣ್ಣಗಳ, ಕರೆಗಳ ವರದಿ ಎಚ್‌ಆರ್‌ಗೂ ಹೋಗುತ್ತದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಕೇಕ್ ತಿನ್ನುತ್ತಾ ಎಲ್ಲರೂ ಒಪ್ಪಿಗೆ ಒತ್ತಿದೆವು.

ಈಗ ನನ್ನ ಅತ್ತೆಯ ವಿಷಯ. ಅವರ ಜೀವನವೆಲ್ಲ ಕಳೆದದ್ದು ಜಾಲಹಳ್ಳಿಯಲ್ಲಿ, ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಬೇಗೂರಿಗೆ ಬಂದರು. ಅಗಲ ರಸ್ತೆ, ದೊಡ್ಡ ಮರ, ಸಂಜೆ ಗೇಟಿನ ಹತ್ತಿರ ನಿಂತು ಮಾತಾಡುವ ಹೆಂಗಸರು, ಇದೆಲ್ಲ ಬಿಟ್ಟುಬಂದು ಮೂರನೆಯ ಮಹಡಿಯಲ್ಲಿ ಬಾಯಿ ಕಟ್ಟಿದಂತಾಗಿತ್ತು ಅವರಿಗೆ. ಹಾಗಾಗಿ ಮಾತೆಲ್ಲ ನನಗೇ. ನಾನು ಲಾಕರಿನಿಂದ ಫೋನ್ ತೆಗೆದು ಬಸ್ ಹತ್ತುವುದನ್ನೇ ಕಾಯುತ್ತಿದ್ದರು.

"ಎಲ್ಲಿದೀಯೇ?"

"ಬಸ್ಸಲ್ಲಿದೀನಿ ಅತ್ತೆ, ಇನ್ನೂ ಹೊಸ ರೋಡ್ ದಾಟಿಲ್ಲ."

"ಯಾವಾಗ್ ಫೋನ್ ಮಾಡಿದ್ರೂ ಬಸ್ಸಲ್ಲೇ ಇರ್ತೀಯಲ್ಲ, ಅಲ್ಲೇ ಮನೆ ಮಾಡ್ಕೊಂಡಿದೀಯೇನೇ? ಬರ್ತಾ ಕೊತ್ತಂಬರಿ ಸೊಪ್ಪು ತಗೊಂಬಾ. ಮೊನ್ನೆ ತಂದ್ಯಲ್ಲ ಅಂಥದ್ದಲ್ಲ, ಅದನ್ನ ಹಸುನೂ ಮೂಸ್ತಿರ್ಲಿಲ್ಲ."

"ಹಂಗಾದ್ರೆ ನೀವೇ ಹೋಗಿ ತನ್ನಿ."

"ಹೋಗ್ತೀನಿ ಬಿಡು. ಮಂಡಿ ಎಳ್ಕೊಂಡು ಹೋಗ್ತೀನಿ. ದಾರೀಲಿ ಯಾರಾದ್ರೂ ಕೇಳಿದ್ರೆ ನಿನ್ ಹೆಸ್ರೇ ಹೇಳ್ತೀನಿ ಕಣೇ."

ಫಟ್ಟನೆ ಇಡುತ್ತಿದ್ದರು. ಬಸ್ಸು ಇನ್ನೊಂದು ಸಿಗ್ನಲ್ ದಾಟುವಷ್ಟರಲ್ಲಿ ಮತ್ತೆ ಅವರದೇ ಫೋನು, ಪಕ್ಕದ ಮನೆಯವರ ಮಗಳ ಸಂಬಂಧದ ಸುದ್ದಿ. ನಾನೂ ಬಿಡುತ್ತಿರಲಿಲ್ಲ, ಎದುರು ಸೀಟಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಜವಾಬು ಕೊಡುತ್ತಿದ್ದೆ. ಹಗಲೆಲ್ಲ ಒಂದು ಮಾತಿಲ್ಲದೆ ಕೂತ ಗಂಟಲು ಆಗ ತೆರೆದುಕೊಳ್ಳುತ್ತಿತ್ತು. ಇಡೀ ದಿನದಲ್ಲಿ ನನಗೆ ಹಿತವಾಗಿದ್ದ ಹೊತ್ತು ಅದೊಂದೇ. ಅತ್ತೆ ಸೊಸೆ ಜಗಳವಾಡಿದರೆ ಹಿತ ಎನ್ನಿಸುವುದುಂಟೇ ಎಂದು ಕೇಳುವವರು ಜಗಳವಾಡುವ ಅತ್ತೆಯನ್ನು ಪಡೆದು ಬಂದಿಲ್ಲ.

ಮೊದಲ ಸಲ ಆದದ್ದು ಒಂದು ಮಧ್ಯಾಹ್ನ, ಕುರ್ಚಿಯಲ್ಲಿ ಕೂತಿದ್ದಾಗಲೇ. ಎಡಗೈ ಜೋಮು ಹಿಡಿಯಿತು. ಎದೆಯ ಮೇಲೆ ಯಾರೋ ಮಂಡಿಯೂರಿದ ಹಾಗೆ. ಉಸಿರು ಒಳಗೆ ಹೋಗುತ್ತಿತ್ತು, ಸಾಲುತ್ತಿರಲಿಲ್ಲ. ಸಾಯುತ್ತಿದ್ದೇನೆ ಎಂದು ನನಗೆ ಖಚಿತವಾಗಿತ್ತು. ಪರದೆಯ ಮೂಲೆಯ ಲೆಕ್ಕ ಮಾತ್ರ ಓಡುತ್ತಿತ್ತು. ಎದ್ದು ನಿಂತಾಗ ನಮ್ಮ ಸೂಪರ್‌ವೈಸರ್ ನನ್ನ ಮುಖ ನೋಡಿ, "ಲಾಗೌಟ್ ಮಾಡಿ ಹೋಗಿ ಮೇಡಂ, ಇಲ್ಲಾಂದ್ರೆ ಟೈಮ್ ನಿಮ್ ಮೇಲೆ ಬರುತ್ತೆ," ಎಂದರು. ಅವರು ಕೆಟ್ಟವರಲ್ಲ. ಅಲ್ಲಿ ಕಾಳಜಿಯ ಮಾತು ಎಂದರೆ ಅದೇ ಆಗಿತ್ತು.

ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಹೃದಯ ಸರಿಯಾಗಿದೆ, ಗ್ಯಾಸ್ ಇರಬೇಕು ಎಂದು ಕಳಿಸಿದರು. ಅತ್ತೆ ಜೀರಿಗೆ ಕಷಾಯ ಮಾಡಿಕೊಟ್ಟು, "ಆ ಕ್ಯಾಂಟೀನ್ ಊಟ ತಿಂದ್ರೆ ಗ್ಯಾಸ್ ಅಲ್ದೆ ಇನ್ನೇನು ಬರುತ್ತೆ, ಬೆಳಿಗ್ಗೆ ಎದ್ದು ಡಬ್ಬಿ ಕಟ್ಕೊಳ್ಳೋಕೆ ಸೋಮಾರಿತನ ನಿಂಗೆ," ಎಂದು ಬೈದರು. ಬೈಯುತ್ತಲೇ ಕಾಲ ಬಳಿ ಕೂತು ಪಾದ ಉಜ್ಜಿದರು. ಕಷಾಯಕ್ಕೆ ಅದು ಹೋಗಲಿಲ್ಲ. ಮತ್ತೆ ಬಂತು, ಮತ್ತೆ ಮತ್ತೆ ಬಂತು. ಬಂದಾಗಲೆಲ್ಲ ನಾನು ಫ್ಲೋರಿನೊಳಗೇ ಇದ್ದೆ. ನಿದ್ದೆ ಹೋಯಿತು, ಹಸಿವು ಹೋಯಿತು, ಬೆಳಿಗ್ಗೆ ಲಾಕರಿಗೆ ಬೀಗ ಹಾಕಿ, ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಎಳೆದು ನೋಡುವುದು ಶುರುವಾಯಿತು.

ಒಂದು ತಿಂಗಳ ರಜೆ ಮತ್ತು ಗಂಟೆಯ ಲೆಕ್ಕ ಇಲ್ಲದ ಬೇರೆ ವಿಭಾಗ, ಇಷ್ಟು ಕೇಳಲು ಎಚ್‌ಆರ್‌ಗೆ ಹೋದೆ. ಅಲ್ಲಿದ್ದವಳು ಶ್ರೇಯಾ ಎಂಬ ಹುಡುಗಿ, ನನಗಿಂತ ಎಷ್ಟೋ ಚಿಕ್ಕವಳು, ಬಹಳ ಮೃದು ಮಾತು. ಲ್ಯಾಪ್‌ಟಾಪ್ ತಿರುಗಿಸಿ ನನ್ನ ಬಣ್ಣಗಳನ್ನು ನನಗೆ ತೋರಿಸಿದಳು.

"ನೋಡಿ ಮೇಡಂ, ವರ್ಕ್ ಅವರ್ಸಲ್ಲಿ ನೀವು ತುಂಬಾ ಕಾಮ್ ಆಗಿದೀರ. ಎಲ್ಲಾ ಗ್ರೀನ್. ಪ್ರಾಬ್ಲಮ್ ಇರೋದು ಸಂಜೆ. ಆಫೀಸ್ ಬಿಟ್ಟ ತಕ್ಷಣ ರೆಡ್. ಒಂದೇ ಕಾಂಟ್ಯಾಕ್ಟಿಂದ ಮೇಲಿಂದ ಮೇಲೆ ಕಾಲ್ಸ್, ವಾಯ್ಸ್ ತುಂಬಾ ಹೈ. ಅತ್ತೆ ಅಂತ ಸೇವ್ ಮಾಡಿದೀರ."

"ಅದು ನಾವು ಮಾತಾಡೋ ರೀತಿ ಕಣಮ್ಮ. ನಂಗೆ ಹುಷಾರು ತಪ್ಪೋದು ಇಲ್ಲಿ, ಸೀಟಲ್ಲಿ ಕೂತಾಗ."

"ತುಂಬಾ ಜನ ಹಾಗೇ ಅಂದ್ಕೊಂಡಿರ್ತಾರೆ ಮೇಡಂ. ಮನೆಯವರ ಬಗ್ಗೆ ಒಪ್ಕೊಳ್ಳೋದು ಕಷ್ಟ ಅಲ್ವಾ. ಡೇಟಾ ನೋಡಿದ್ರೆ ಆಫೀಸ್ ಕಾರಣಕ್ಕೆ ರಜೆ ಕೊಡೋಕೆ ಬೇಸಿಸ್ ಇಲ್ಲ. ನಿಮ್ ಹಸ್ಬೆಂಡ್‌ನ ಒಂದ್ಸಲ ಕರ್ಕೊಂಡ್ ಬನ್ನಿ, ಫ್ಯಾಮಿಲಿ ಸೆಷನ್ ಮಾಡೋಣ."

ಪುರಾವೆ ಸಾಲದು. ಅದನ್ನು ಅವಳು ಎಷ್ಟು ನಯವಾಗಿ ಹೇಳಿದಳೆಂದರೆ ನಾನು ಥ್ಯಾಂಕ್ಸ್ ಹೇಳಿ ಎದ್ದುಬಂದೆ.

ನನ್ನ ಗಂಡ ಗಿರೀಶ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಇಡೀ ದಿನ ಗೇಜು ಹಿಡಿದು ಬೇರಿಂಗುಗಳನ್ನು ಅಳೆಯುವವನು. ಗೇಜು ಒಂದು ಹೇಳಿ ಮನುಷ್ಯ ಇನ್ನೊಂದು ಹೇಳಿದರೆ ಅವನು ಗೇಜಿನ ಕಡೆ. ಇಸ್ತ್ರಿ ಶರ್ಟ್ ಹಾಕಿಕೊಂಡು ಶ್ರೇಯಾಳ ಮುಂದೆ ಕೂತು ಆ ಕೆಂಪು ಪಟ್ಟಿಗಳನ್ನು ನೋಡಿದ. ನಾನು ಪಕ್ಕದಲ್ಲೇ ಇದ್ದೆ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ, "ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು? ಅಮ್ಮನ್ನ ಸಹಿಸ್ಕೊಂಡು ಹೋಗ್ತಿದೀಯ ಅಂತ ನಂಗೇನು ಗೊತ್ತು," ಎಂದ. ಅವನ ದನಿಯಲ್ಲಿ ಪ್ರೀತಿ ಇತ್ತು. ನನಗೆ ಕಪಾಳಕ್ಕೆ ಹೊಡೆದಂತಾಯಿತು.

"ಅಮ್ಮನಿಂದ ಅಲ್ಲ ಗಿರಿ. ಆ ಫ್ಲೋರಿಂದ."

"ರೀಡಿಂಗ್ ಹಂಗೆ ಹೇಳಲ್ವಲ್ಲ," ಎಂದ.

ಮುಂದಿನ ಭಾನುವಾರ ಅತ್ತೆ ನೆಲಕ್ಕೆ ಪೇಪರ್ ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಗಿರೀಶ ಸೋಫಾದ ಮೇಲೆ ಕೂತು, ಒಳ್ಳೆಯ ಮಗ ಮತ್ತು ಒಳ್ಳೆಯ ಗಂಡ ಎರಡೂ ಆಗಿ ಹೇಳಿದ.

"ಅಮ್ಮ, ಶೈಲಂಗೆ ಇನ್ಮೇಲೆ ಸಂಜೆ ಫೋನ್ ಮಾಡ್ಬೇಡ. ಆಫೀಸಲ್ಲಿ ಎಲ್ಲಾ ಚೆಕ್ ಮಾಡಿದಾರೆ. ನಿನ್ ಫೋನ್ ಬಂದಾಗ್ಲೇ ಅವಳಿಗೆ ಜಾಸ್ತಿ ಆಗ್ತಿರೋದು."

ಅತ್ತೆಯ ಕೈ ನಿಂತಿತು. "ನನ್ನಿಂದಾನಾ?"

"ನಿನ್ನಿಂದ ಅಂತಲ್ಲ. ಅದ್ರಲ್ಲಿ ಹಂಗೆ ಬಂದಿದೆ."

"ಅತ್ತೆ, ಅದೆಲ್ಲ ಸುಳ್ಳು, ನೀವು ತಲೆಗೆ ಹಚ್ಕೋಬೇಡಿ," ಎಂದು ನಾನು ಅಡುಗೆಮನೆಯಿಂದ ಓಡಿಬಂದೆ.

ಅವರು ನನ್ನ ಮುಖ ನೋಡಲಿಲ್ಲ. "ಇರ್ಲಿ ಬಿಡಮ್ಮ. ನಂಗೆ ಗೊತ್ತಾಗ್ಲಿಲ್ಲ," ಎಂದರು. ಮದುವೆಯಾದಾಗಿನಿಂದ ನನ್ನನ್ನು ಕಣೇ, ಹೋಗೇ, ಬಾರೇ ಎಂದವರು. ಅಮ್ಮ ಎಂದು ಮರ್ಯಾದೆ ಕೊಟ್ಟದ್ದು ಅದೇ ಮೊದಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆ ಬರೆಯನ್ನು ಅವರೆಕಾಳಿನ ರಾಶಿಯ ಮುಂದೆ ಹಾಕಿದರು.

ಮಾರನೆಯ ಸಂಜೆಯಿಂದ ಫೋನ್ ಬರಲಿಲ್ಲ. ನಾನೇ ಮಾಡಿದರೆ ಎತ್ತಿ, "ಹುಷಾರಾಗಿ ಬಾಮ್ಮ," ಎಂದು ಇಟ್ಟುಬಿಡುತ್ತಿದ್ದರು. ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಸುಮ್ಮನೆ ಕೂತು ಬರತೊಡಗಿದೆ. ಎರಡು ವಾರಕ್ಕೆ ಸಂಜೆಯ ಕೆಂಪು ಹಳದಿಯಾಯಿತು. ಶ್ರೇಯಾ ಮೇಲ್ ಕಳಿಸಿದಳು, ಅಭಿನಂದನೆಗಳು, ನೀವು ಸುಧಾರಿಸುತ್ತಿದ್ದೀರಿ. ಆ ವಾರವೇ ನಾನು ಬೆಳಿಗ್ಗೆ ಎದ್ದು ಹಾಸಿಗೆಯ ಅಂಚಿನಲ್ಲಿ ಕೂತು, ಈ ಕಣ್ಣು ತೆರೆಯದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಎಷ್ಟು ಸಹಜವಾಗಿತ್ತೆಂದರೆ ಅದೇ ನನ್ನನ್ನು ಹೆದರಿಸಿತು. ಗಿರೀಶನಿಗೆ ಹೇಳಿದೆ. ಅವನು ಬೆವರಿದ. ಅವತ್ತೇ ರಜೆ ಹಾಕಿ ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋದ.

ಅಂಥ ಆಸ್ಪತ್ರೆಯ ವರಾಂಡದಲ್ಲಿ ಕೂತವರಿಗೆ ಗೊತ್ತು, ಅಲ್ಲಿ ಎಲ್ಲರೂ ಇನ್ಯಾರನ್ನೋ ತೋರಿಸಲು ಬಂದವರ ಹಾಗೆ ನಟಿಸುತ್ತಿರುತ್ತಾರೆ. ಬಾಗಿಲ ಹತ್ತಿರ ಹೆಸರು ಕೂಗಿದಾಗ ಯಾರೂ ತಕ್ಷಣ ಏಳುವುದಿಲ್ಲ. ನಾನೂ ದುಪಟ್ಟಾವನ್ನು ಮುಖದ ಮೇಲೆ ಎಳೆದುಕೊಂಡು ಕೂತಿದ್ದೆ. ಗಿರೀಶ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದ. ಪಕ್ಕದಲ್ಲಿ ಯಾದಗಿರಿ ಕಡೆಯ ಒಬ್ಬಳು ಹೆಂಗಸು, ಬ್ರೂಕ್‌ಫೀಲ್ಡ್ ಹತ್ತಿರ ಕಟ್ಟಡದ ಕೆಲಸ ಮಾಡುವ ಗಂಡನನ್ನು ಕರೆತಂದಿದ್ದಳು. ಆತ ಗೋಡೆ ನೋಡುತ್ತಾ ಕೂತಿದ್ದ. ಅವಳು ಬಟ್ಟೆಯ ಗಂಟು ಬಿಚ್ಚಿ ರೊಟ್ಟಿ ಮುರಿದು, ಶೇಂಗಾ ಚಟ್ನಿ ಇಟ್ಟು ನನ್ನ ಮುಂದೆ ಹಿಡಿದಳು.

"ಬೇಡ್ರೀ," ಎಂದೆ.

"ತಿನ್ರಿ ಅಕ್ಕಾರ. ಡಾಕ್ಟರ್ ಮುಂದ ಹ್ವಾದ್ರ ಅಳು ಬರ್ತದ. ಖಾಲಿ ಹೊಟ್ಟೀಲೆ ಅಳಬಾರ್ದ್ರಿ."

ತಿಂದೆ. ಎಷ್ಟೋ ದಿನಗಳ ಮೇಲೆ ನಾಲಿಗೆಗೆ ಖಾರ ತಿಳಿಯಿತು. ಆಮೇಲೆ ಡಾಕ್ಟರಿಗೆ ತೋರಿಸಲು ಬೇಕಾದೀತು ಎಂದು ಫೋನ್ ತೆಗೆದು ಆ ಆ್ಯಪ್ ತೆರೆದೆ. ಮೊದಲ ಸಲ ಅಟ್ಯಾಕ್ ಆದ ದಿನವನ್ನು ಹುಡುಕಿದೆ. ಆ ಮಧ್ಯಾಹ್ನದ ಜಾಗದಲ್ಲಿ ನೇರವಾದ ಹಸಿರು ಗೆರೆ, ಕೆಳಗೆ ಗಾಢ ವಿಶ್ರಾಂತಿ ಎಂದು ಬರೆದು ಪಕ್ಕದಲ್ಲೊಂದು ಎಲೆಯ ಚಿತ್ರ. ಸಾಯುತ್ತೇನೆಂದು ಮೇಜು ಹಿಡಿದು ನಿಂತಿದ್ದ ಹೊತ್ತು ಅದು. ಬೇರೆ ದಿನ ತೆಗೆದೆ. ಅಲ್ಲೂ ಎಲೆ. ಶನಿವಾರ, ಭಾನುವಾರ ಮಾತ್ರ ಗೆರೆ ಏರಿಳಿದಿದೆ. ಸೋಮವಾರದಿಂದ ಶುಕ್ರವಾರದವರೆಗೆ, ಕೆಲಸದ ಹೊತ್ತು ಪೂರ್ತಿ, ಎಲೆ, ಎಲೆ, ಎಲೆ.

ಆ ಹೊತ್ತಿನಲ್ಲಿ ಫೋನ್ ನನ್ನ ಹತ್ತಿರ ಇರಲೇ ಇಲ್ಲವಲ್ಲ. ಅದು ಕತ್ತಲೆ ಲಾಕರಿನಲ್ಲಿ ಅಲ್ಲಾಡದೆ ಮಲಗಿತ್ತು. ಕರೆ ಇಲ್ಲ, ಮಾತಿಲ್ಲ, ಮುಟ್ಟುವವರಿಲ್ಲ. ಇವಳು ಎಷ್ಟು ನೆಮ್ಮದಿಯಾಗಿದ್ದಾಳೆ ಎಂದು ಅದು ಬರೆದುಕೊಂಡಿತು. ಸಂಜೆ ಹೊರಗೆ ಬಂದು ಬೆಳಕು ಕಂಡದ್ದೇ ತಡ, ಅತ್ತೆಯ ದನಿ ಕೇಳಿತು, ಕೆಂಪು. ಫ್ಲೋರಿನಲ್ಲಿದ್ದ ನಮಗೆ ಯಾರಿಗೂ, ಲಾಕರ್ ಹಾಕಿಸಿದ ಕಂಪನಿಗೂ, ಆ್ಯಪ್ ಹಾಕಿಸಿದ ಅದೇ ಕಂಪನಿಗೂ ಇದು ಹೊಳೆದಿರಲಿಲ್ಲ. ನನಗೆ ನಗು ಬಂತು. ಆ ವರಾಂಡದಲ್ಲಿ, ಅಷ್ಟು ಜನರ ನಡುವೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಯಾದಗಿರಿಯ ಹೆಂಗಸು ನನ್ನ ಬೆನ್ನು ಸವರುತ್ತಾ, "ನಗ್ರಿ, ನಗ್ರಿ, ಅದೂ ಬರ್ತದ," ಎಂದಳು.

ಡಾಕ್ಟರು ಗಿರೀಶನನ್ನು ಹೊರಗೆ ಕೂರಲು ಹೇಳಿದರು. ನಾನು ಬಣ್ಣ, ಗೆರೆ, ಲಾಕರು ಎಂದು ಒಂದೇ ಉಸಿರಿಗೆ ಶುರುಮಾಡಿದೆ. ಅವರು ಕೈ ನೀಡಿ ನನ್ನ ಫೋನನ್ನು ಇಸಿದುಕೊಂಡು ಮೇಜಿನ ಮೇಲೆ ಬೋರಲು ಹಾಕಿದರು. "ಇದು ಆಮೇಲೆ. ನೀವು ಹೇಳಿ, ನಿಮಗೆ ಎಲ್ಲಿ, ಹೇಗಾಗುತ್ತೆ," ಎಂದರು. ಅಷ್ಟು ತಿಂಗಳಲ್ಲಿ ಆ ಪ್ರಶ್ನೆಯನ್ನು ನನಗೆ ಕೇಳಿದ ಮೊದಲ ಮನುಷ್ಯ ಅವರು. ಹೊಟ್ಟೆಯಲ್ಲಿ ರೊಟ್ಟಿ ಇದ್ದದ್ದು ಒಳ್ಳೆಯದೇ ಆಯಿತು. ಆತಂಕದ ಕಾಯಿಲೆ, ಅದರ ಜೊತೆ ಖಿನ್ನತೆ, ಮಾತ್ರೆಗೆ ಬಗ್ಗುತ್ತದೆ, ನಿಧಾನವಾಗಿ ಬಗ್ಗುತ್ತದೆ ಎಂದರು. ಗ್ಯಾಸ್ ಅಲ್ಲ, ಸೋಮಾರಿತನವಲ್ಲ, ಅತ್ತೆಯಲ್ಲ. ಅದಕ್ಕೊಂದು ಹೆಸರು ಸಿಕ್ಕಿದ್ದೇ ಅರ್ಧ ಭಾರ ಇಳಿದಂತಾಯಿತು.

ಲಾಕರಿನ ಸಂಗತಿ ಹೇಳಿದಾಗ ಶ್ರೇಯಾಳ ಮುಖ ಒಂದು ಗಳಿಗೆ ಬಾಡಿತು, ಆಮೇಲೆ ಅರಳಿತು. "ಮೇಡಂ, ಎಂಥ ಗುಡ್ ಫೀಡ್‌ಬ್ಯಾಕ್ ಇದು," ಎಂದಳು. ನಮ್ಮ ಮನೆಯ ಬಗ್ಗೆ ತಾನು ಹೇಳಿದ್ದು ಅವಳಿಗೆ ನೆನಪಿದ್ದಂತಿರಲಿಲ್ಲ. ಸ್ವಲ್ಪ ದಿನಕ್ಕೆ ಫ್ಲೋರಿನವರಿಗೆಲ್ಲ ಕೈಗೆ ಕಟ್ಟುವ ಬ್ಯಾಂಡ್ ಕೊಟ್ಟರು, ಅದನ್ನು ಒಳಗೆ ಒಯ್ಯಬಹುದು. ನಾಡಿ ನೋಡುವ ಬ್ಯಾಂಡು. ಮೊದಲ ವಾರವೇ ಇಡೀ ಫ್ಲೋರು, ಈ ತುದಿಯಿಂದ ಆ ತುದಿಯವರೆಗೆ, ಕೆಂಪು. ಮುಂದಿನ ವಾರ ಬ್ಯಾಂಡುಗಳನ್ನು ವಾಪಸು ತೆಗೆದುಕೊಂಡರು. ಈ ವಿಧಾನ ಅಷ್ಟು ನಂಬಲರ್ಹವಲ್ಲವೆಂದು ಕಂಡುಬಂದಿರುವುದರಿಂದ ಕಾರ್ಯಕ್ರಮವನ್ನು ನಿಲ್ಲಿಸಲಾಗಿದೆ ಎಂದು ಮೇಲ್ ಬಂತು. ನನ್ನ ಅತ್ತೆಯ ಮೇಲೆ ತಪ್ಪು ಹೊರಿಸುವಷ್ಟು ದಿನ ಅದು ನಂಬಲರ್ಹವಾಗಿತ್ತು. ನಾನು ಕೆಲಸ ಬಿಟ್ಟೆ.

ಗಿರೀಶನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. "ಗೇಜನ್ನ ಮೊದ್ಲು ಚೆಕ್ ಮಾಡ್ಬೇಕು ಅಂತ ಹೊಸಬರಿಗೆಲ್ಲ ಪಾಠ ಹೇಳೋನು ನೀನೇ ತಾನೆ?" ಎಂದೆ. "ಹಗಲಿಂದು ತಪ್ಪು, ಒಪ್ಕೋತೀನಿ," ಎಂದ. "ಆದ್ರೂ ಸಂಜೆ ಫೋನ್ ನಿನ್ ಕೈಯಲ್ಲೇ ಇತ್ತಲ್ಲ ಶೈಲಾ. ಸಂಜೆಯ ರೀಡಿಂಗ್ ನಿಜ ಅಲ್ವಾ?" ಗಟ್ಟಿಯಾಗಿ ಮಾತಾಡುವುದೆಲ್ಲ ನೋವಲ್ಲ ಎಂದು ಹೆಂಡತಿ ಗಂಡನಿಗೆ ಯಾವ ಗೇಜಿಟ್ಟು ತೋರಿಸಬೇಕು?

ಈಗ ಬೇಗೂರಿನಲ್ಲೇ ಒಂದು ಶಾಲೆಯ ಆಫೀಸಿನಲ್ಲಿದ್ದೇನೆ. ದಿನಕ್ಕೊಂದು ಮಾತ್ರೆ ಉಳಿದಿದೆ, ಇನ್ನಷ್ಟು ಕಾಲ ಇರುತ್ತದೆ. ನಿದ್ದೆ ಬರುತ್ತದೆ. ಎದೆಯ ಮೇಲಿನ ಮಂಡಿ ಅಪರೂಪಕ್ಕೆ ಬಂದು ಕೂರುತ್ತದೆ, ಎದ್ದು ಹೋಗುತ್ತದೆ. ಹೆದರಿ ಓದುತ್ತಿರುವವರಿಗೆ ಇದನ್ನು ನಿಜವಾಗಿಯೇ ಹೇಳುತ್ತಿದ್ದೇನೆ, ಅದು ಎದ್ದು ಹೋಗುತ್ತದೆ. ವಾಸಿಯಾಗದೆ ಉಳಿದಿರುವುದು ಬೇರೆ. ಅತ್ತೆಗೂ ಲಾಕರಿನ ಕಥೆ ಹೇಳಿದೆ, ಒಮ್ಮೆಯಲ್ಲ. "ಹೌದಾಮ್ಮ? ಸದ್ಯ," ಎನ್ನುತ್ತಾರೆ. ನಾನು ಮನೆಯೊಳಗೆ ಕಾಲಿಟ್ಟರೆ ಟಿವಿಯ ಸದ್ದು ಕಡಿಮೆ ಮಾಡುತ್ತಾರೆ. ಪಕ್ಕದ ಮನೆಯ ಸುದ್ದಿ ನನಗೆ ಬೇರೆಯವರಿಂದ ತಿಳಿಯುತ್ತದೆ. ಬಾಡಿದ ಸೊಪ್ಪು ತಂದರೂ ಮಾತಿಲ್ಲದೆ ಬಿಡಿಸಿ, ಒಳ್ಳೆಯ ಎಲೆ ಆರಿಸಿಡುತ್ತಾರೆ. ಬಂದವರ ಮುಂದೆ, ನಮ್ಮ ಸೊಸೆಗೆ ಹುಷಾರಿರಲಿಲ್ಲ, ಈಗ ನಾನು ನೋಡ್ಕೊಂಡಿರ್ತೀನಿ ಎನ್ನುತ್ತಾರೆ. ಆ ನೋಡಿಕೊಂಡಿರುವುದು ನನ್ನ ಜೀವ ತಿನ್ನುತ್ತಿದೆ.

ಮೊನ್ನೆ ಸಾರಿಗೆ ಬೇಕೆಂದೇ ಎರಡನೆಯ ಸಲ ಉಪ್ಪು ಹಾಕಿದೆ. ಧಾರಾಳವಾಗಿ ಹಾಕಿದೆ. ಮೂವರೂ ಊಟಕ್ಕೆ ಕೂತೆವು. ಗಿರೀಶ ಒಂದು ತುತ್ತಿಗೇ ಮುಖ ಹಿಂಡಿ ತಟ್ಟೆ ಸರಿಸಿದ. ನಾನು ಅತ್ತೆಯ ಬಾಯಿಯನ್ನೇ ನೋಡುತ್ತಾ ಕೂತೆ. ಬೈಯಲಿ, ನಿನ್ನ ಅಮ್ಮ ಅಡುಗೆ ಕಲಿಸಲಿಲ್ಲವೇನೇ ಎನ್ನಲಿ, ತಟ್ಟೆ ಎತ್ತಿ ಕುಕ್ಕಲಿ, ನಾನೂ ನಾಲ್ಕು ಮಾತು ಆಡಿಯೇನು ಎಂದು ಕಾದೆ. ಅವರು ಕಲಸಿದರು, ಉಂಡರು, ನೀರು ಕುಡಿದರು, ಮತ್ತೆ ಉಂಡರು.

"ಸಾರು ಹೇಗಿದೆ ಅತ್ತೆ?" ಎಂದೆ.

ಅವರು ನನ್ನ ಮುಖವನ್ನು ಒಮ್ಮೆ ಹುಷಾರಾಗಿ ನೋಡಿದರು. "ಚೆನ್ನಾಗಿದೆಯಮ್ಮ," ಎಂದು, ಇನ್ನೊಂದು ಸೌಟು ಹಾಕಿಸಿಕೊಳ್ಳಲು ತಟ್ಟೆ ಮುಂದೆ ಹಿಡಿದರು.